ಇಪ್ಪತ್ತೇಳು ನಂಬರ್

ಕ್ಲಾಸಿನಲ್ಲಿ ಮಾತಾಡಿದ್ದಕ್ಕೆ ಶಿಕ್ಷೆ. ಏಳನೆಯ ತರಗತಿ, ಜೆಪ್ಪು.
ಗಂಟೆ ಹೊಡೆದು ಎಲ್ಲರೂ ಹೋದ ಮೇಲೆ
ಹಿಲ್ಡಾ ಮಿಸ್ಸು ಬೋರ್ಡಿನಲ್ಲಿ ಬರೆದರು: ೨೭.
"ಸಮ ಬಂದರೆ ಅರ್ಧ ಮಾಡು.
ಬೆಸ ಬಂದರೆ ಮೂರು ಪಟ್ಟು ಮಾಡಿ ಒಂದು ಕೂಡಿಸು.
ಒಂದಕ್ಕೆ ಮುಟ್ಟಿದ ಮೇಲೆ ಮನೆಗೆ ಹೋಗು."

ಇಷ್ಟೆಯಾ, ಎಂದುಕೊಂಡೆ.

ಎಂಬತ್ತೆರಡು. ನಲವತ್ತೊಂದು. ನೂರ ಇಪ್ಪತ್ತನಾಲ್ಕು.
ಈ ಊರಿನ ರಸ್ತೆಯದೇ ಬುದ್ಧಿ ಅದಕ್ಕೂ:
ಬಾವುಟಗುಡ್ಡೆ ಇಳಿದೆ ಎನ್ನುವಾಗ
ಎದುರಿಗೆ ಕದ್ರಿಯ ಏರು.
ಹೆಂಚಿನ ಕಾರ್ಖಾನೆ ಐದು ಗಂಟೆಗೆ ಕೂಗಿತು.
ರಫ್ ಪುಸ್ತಕದ ಹಾಳೆ ತಿರುವಿದೆ.
ಬೆವರಿದ ಬೆರಳಿಗೆ ಪೆನ್ಸಿಲು ಜಾರುತ್ತಿತ್ತು.

ಮತ್ತೆ ಇದ್ದಕ್ಕಿದ್ದ ಹಾಗೆ ಇಳಿಜಾರು.
ನಲವತ್ತು, ಇಪ್ಪತ್ತು, ಹತ್ತು, ಐದು,
ಹದಿನಾರು, ಎಂಟು, ನಾಲ್ಕು, ಎರಡು,
ಒಂದು!
ಚೀಲ ಹೆಗಲಿಗೇರಿಸಿದೆ.

"ಬೇಗ ಬಂದೆಯಲ್ಲ" ಎಂದರು ಮಿಸ್ಸು.
ಕೆಂಪು ಪೆನ್ನು ಸಾಲು ಸಾಲು ಇಳಿದು
ಮೂವತ್ತಮೂರನೆಯ ಹೆಜ್ಜೆಯಲ್ಲಿ ನಿಂತಿತು.
"ಇನ್ನೂರ ಅರವತ್ತಮೂರರ ಮೂರು ಪಟ್ಟು ಮಾಡಿದ್ದಿ,
ಒಂದು ಕೂಡಿಸಲು ಮರೆತಿದ್ದಿ.
ಒಂಬತ್ತು ಸಾವಿರದ ಇನ್ನೂರ ಮೂವತ್ತೆರಡು
ಎಂಬ ಗುಡ್ಡ ಉಂಟು ಈ ದಾರಿಯಲ್ಲಿ.
ನೂರ ಹನ್ನೊಂದು ಹೆಜ್ಜೆಯ ದಾರಿ ಜಯಶೀಲ,
ನೀನು ಅರವತ್ತೆರಡರಲ್ಲಿ ಮುಗಿಸಿದಿ.
ಆ ಗುಡ್ಡ ನೀನು ನೋಡಲೇ ಇಲ್ಲ."

"ಆದರೂ ಒಂದಕ್ಕೆ ಮುಟ್ಟಿದೆನಲ್ಲ ಮಿಸ್?"

ಅವರು ಕನ್ನಡಕ ತೆಗೆದು ಸೀರೆಯ ಸೆರಗಿನಲ್ಲಿ ಒರೆಸಿದರು.
ಒರೆಸುತ್ತಲೇ ಇದ್ದರು.
"ಅದೇ ಮಾರಾಯ. ತಪ್ಪಿದರೂ ಮುಟ್ಟುತ್ತದೆ.
ಯಾಕೆ ಅಂತ ಈ ಲೋಕದಲ್ಲಿ ಯಾರಿಗೂ ಗೊತ್ತಿಲ್ಲ."
"ಹೆಡ್‌ಮಾಸ್ಟರಿಗೆ?"
"ಅವರಿಗಂತೂ ಇಲ್ಲ."

ಡಬ್ಬಿಯಲ್ಲಿ ಉಳಿದಿದ್ದ ಒಂದೇ ಬನ್ಸನ್ನು
ಮುರಿದು ಅರ್ಧ ನನಗೆ ಕೊಟ್ಟರು.
ಒಂದು ಬೆಸ ಅಲ್ಲವಾ, ಅರ್ಧ ಮಾಡುವ ಹಾಗಿಲ್ಲವಲ್ಲ
ಎಂದು ನನಗೆ ಹೊಳೆದದ್ದು
ತಿಂದು ಮುಗಿದ ಮೇಲೆ.

ಮನೆಯಲ್ಲಿ ಅಮ್ಮ ಬಂಗುಡೆ ಕೊಯ್ಯುತ್ತಿದ್ದಳು.
ಹೇಳಿದೆ: ಕೋಟಿ ಕೋಟಿ ಸಂಖ್ಯೆ ನೋಡಿದ್ದಾರಂತೆ,
ಎಲ್ಲವೂ ಇಳಿದು ಒಂದಕ್ಕೆ ಬಂದಿವೆಯಂತೆ,
ಆದರೂ ಸಾಬೀತು ಆಗಲಿಲ್ಲವಂತೆ.
ಕತ್ತಿ ನಿಲ್ಲಿಸದೆ ಅಂದಳು:
"ನಿನ್ನ ಅಪ್ಪನ ದೋಣಿ ಹೋದಷ್ಟು ಸಲ ಬಂದಿದೆ.
ಹಾಗಂತ ದಕ್ಕೆಯ ಕಡೆ ಕಿವಿ ಕೊಡದೆ
ನಾನು ಮಲಗಿದ ರಾತ್ರಿ ಉಂಟಾ?"

ಈಗ ನಾನು ಬಸ್ಸಿನಲ್ಲಿ ಇದ್ದೇನೆ.
ಸ್ಟೇಟ್ ಬ್ಯಾಂಕಿನಿಂದ ಮಂಗಳಾದೇವಿ, ಇಪ್ಪತ್ತೇಳು ನಂಬರ್.
ನಾನಾಗಿ ಆರಿಸಿದ್ದಲ್ಲ, ಧಣಿ ಕೊಟ್ಟದ್ದು.
ರಶ್ಶು ಕಡಿಮೆ ಇರುವ ಮಧ್ಯಾಹ್ನ
ಟಿಕೆಟಿನ ನಂಬರು ಹಿಡಿದು ಇಳಿಸುತ್ತೇನೆ,
ಹಿಂಬದಿಯ ಬಿಳಿಯಲ್ಲಿ, ಬಾಲ್‌ಪೆನ್ನಿನಲ್ಲಿ.
ಕೆಲವು ಹಂಪನಕಟ್ಟೆ ದಾಟುವ ಮೊದಲೇ ಒಂದು.
ಕೆಲವಕ್ಕೆ ಮೂರು ಟ್ರಿಪ್ಪು ಸಾಲದು.
ಮುಟ್ಟಿದ ಮೇಲೂ ಬಿಡುಗಡೆ ಇಲ್ಲ:
ಒಂದರ ಮೂರು ಪಟ್ಟಿಗೆ ಒಂದು ಕೂಡಿದರೆ ನಾಲ್ಕು,
ನಾಲ್ಕು ಎರಡಾಗಿ, ಎರಡು ಒಂದಾಗಿ,
ಸ್ಟೇಂಡಿನಲ್ಲಿ ಬಸ್ಸು ತಿರುಗಿದ ಹಾಗೆ
ಅಲ್ಲಲ್ಲೇ.

ಕಳೆದ ತಿಂಗಳು ಮೋರ್ಗನ್ಸ್ ಗೇಟಿನಲ್ಲಿ
ಕೋಲೂರಿಕೊಂಡು ಹತ್ತಿದರು ಮಿಸ್ಸು.
ಸೀಟು ಬಿಡಿಸಿಕೊಟ್ಟೆ. ನನ್ನ ಗುರುತು ಹತ್ತಲಿಲ್ಲ.
ಟಿಕೆಟು ಕೊಡುತ್ತ ಕೇಳಿದೆ, "ಸಿಕ್ಕಿತಾ ಮಿಸ್?
ಇಪ್ಪತ್ತೇಳರದ್ದು?"
ಬಹಳ ಹೊತ್ತು ಮುಖ ನೋಡಿದರು. ಆಮೇಲೆ ಕೋಲು ಕುಟ್ಟಿ
"ಇಲ್ಲ ಮಾರಾಯ," ಎಂದು ನಕ್ಕರು,
ಬಾಯಲ್ಲಿ ಇದ್ದದ್ದು ಒಂದೇ ಹಲ್ಲು.
"ನೀನು ಆವತ್ತು ಬಿಟ್ಟ ಆ ಒಂದು,
ಅದನ್ನಾದರೂ ಕೂಡಿಸಿದೆಯಾ?"

ಚಿಲ್ಲರೆ ಎಣಿಸಿದೆ. ಒಂದು ರೂಪಾಯಿ ಹೆಚ್ಚು ಕೊಟ್ಟಿದ್ದರು.
ವಾಪಸು ಕೊಡಲು ಕೈ ಚಾಚಿದರೆ
ಕಿಟಕಿಯ ಕಡೆ ತಿರುಗಿ ಕೂತಿದ್ದರು,
ಹಿಂದಿನಿಂದ ಯಾರೋ ಸೀಟಿ ಹೊಡೆದರು,
ಬೆರಳ ಸಂದಿಯ ಟಿಕೆಟಿನಲ್ಲಿ
ಲೆಕ್ಕ ಇನ್ನೂ ಏರುತ್ತಲೇ ಇತ್ತು.
ಬಾಗಿಲಿಗೆ ಬಡಿದೆ. ರೈಟ್, ಪೋಯಿ.